ಹಳೆಯ ಮಗ್ಗಕ್ಕೆ ಹೊಸ ಕೀಲು

ಚಿತ್ರದುರ್ಗ ಜಿಲ್ಲೆಯ ಪೂರ್ವ ಮತ್ತು ಈಶಾನ್ಯದ ಅಂಚಿನಲ್ಲಿ, ಆಂಧ್ರದ ಗಡಿಗೆ ಭುಜ ತಾಗಿಸಿಕೊಂಡು ಕುಳಿತ ಎರಡು ತಾಲ್ಲೂಕುಗಳು ಚಳ್ಳಕೆರೆ ಮತ್ತು ಮೊಳಕಾಲ್ಮೂರು. ಬೋಳು ಗುಡ್ಡಗಳು, ಕುರುಚಲು ಕಾಡು, ಶೇಂಗಾ ಹೊಲಗಳು, ಕುರಿಯ ಹಿಂಡುಗಳು: ಇದು ಈ ಸೀಮೆಯ ನೋಟ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ಮುಗಿಲನ್ನು ನಂಬಿ ಬದುಕುವುದು ಕಷ್ಟವೆಂದು ಕಂಡುಕೊಂಡ ಇಲ್ಲಿಯ ಎಷ್ಟೋ ಮನೆತನಗಳು ಬಹು ಹಿಂದೆಯೇ ನೂಲನ್ನು ನಂಬಿದವು. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಸುತ್ತ ಕುರಿಯ ಉಣ್ಣೆಯಿಂದ ಕರಿಯ ಕಂಬಳಿ ನೇಯುತ್ತಾರೆ. ಮೊಳಕಾಲ್ಮೂರಿನಲ್ಲಿ ರೇಷ್ಮೆಯ ಸೀರೆ ನೇಯುತ್ತಾರೆ. ಕುರುಬನ ಹೆಗಲ ಮೇಲಿನ ಒರಟು ಹೊದಿಕೆಯೂ ಮದುವಣಗಿತ್ತಿಯ ಮೈಮೇಲಿನ ನವುರಾದ ಉಡುಗೆಯೂ ಹೀಗೆ ನೆರೆಹೊರೆಯ ಊರುಗಳಲ್ಲಿಯೇ ಹುಟ್ಟುತ್ತವೆ.

ಮೊಳಕಾಲ್ಮೂರು ಸೀರೆಯ ಹೆಸರನ್ನು ಕೇಳದ ಗೃಹಿಣಿ ಕನ್ನಡ ನಾಡಿನಲ್ಲಿ ವಿರಳ. ಹೂವು, ಹಣ್ಣು, ಪ್ರಾಣಿ ಪಕ್ಷಿಗಳ ಚಿತ್ತಾರ ಹೊತ್ತ ಅದರ ಅಂಚು ಸೆರಗುಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಸೀರೆಯನ್ನು ಕಂಡವರು ಬಹಳ ಮಂದಿ. ಆದರೆ ಅದು ಹುಟ್ಟುವ ಯಂತ್ರವನ್ನು ಕಂಡವರು ಕೆಲವರೇ. ಆ ಯಂತ್ರಕ್ಕೆ ಬೇರೊಂದು ಕಾರ್ಖಾನೆಯ ಕಟ್ಟಡವಿಲ್ಲ. ಅಡಿಗೆಮನೆಯ ಪಕ್ಕದ ಪಡಸಾಲೆಯಲ್ಲಿ, ಮಕ್ಕಳು ಓದುವ, ಹಿರಿಯರು ಮಲಗುವ ಜಾಗಕ್ಕೆ ಅಂಟಿಕೊಂಡೇ ಮಗ್ಗ ನಿಂತಿರುತ್ತದೆ. ಮರ, ಹಗ್ಗ, ಬಿದಿರು, ಒಂದಿಷ್ಟು ಕಬ್ಬಿಣ. ಇಷ್ಟೇ ಅದರ ಸಾಮಗ್ರಿ. ಊರಿನ ಬಡಗಿ ಮತ್ತು ಕಮ್ಮಾರರೇ ಅದರ ಇಂಜಿನಿಯರುಗಳು.

ಇಂತಹ ಮಗ್ಗವನ್ನು ಸ್ವಲ್ಪ ಹಣದಲ್ಲಿ ಉತ್ತಮಗೊಳಿಸುವುದು ಹೇಗೆ ಎಂಬ ಪ್ರಶ್ನೆ ನೇಕಾರನಿಗೆ ಹೊಟ್ಟೆಪಾಡಿನ ಪ್ರಶ್ನೆ. ದುಬಾರಿ ಯಂತ್ರ ಕೊಳ್ಳುವ ಶಕ್ತಿ ಅವನಿಗಿಲ್ಲ. ಹಳೆಯ ಮಗ್ಗವನ್ನು ಹಾಗೆಯೇ ನಡೆಸಿಕೊಂಡು ಹೋದರೆ ಮಗ ಆ ಕಸುಬಿಗೆ ಬರುವುದಿಲ್ಲ. ಇವೆರಡರ ನಡುವೆ ಒಂದು ಹಾದಿಯಿದೆ. ಅದು ಒಂದು ಕೀಲು, ಒಂದು ಹಲ್ಲುಗಾಲಿ, ಒಂದು ಬೇರಿಂಗು, ಒಂದು ದೀಪದ ಹಾದಿ.

ಗುಂಡಿಯ ಗುಟ್ಟು

ಮೊಳಕಾಲ್ಮೂರಿನ ಸಾಂಪ್ರದಾಯಿಕ ಮಗ್ಗ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಕಾರ ನೆಲದ ಮಟ್ಟದಲ್ಲಿ ಕುಳಿತುಕೊಳ್ಳುತ್ತಾನೆ. ತುಳಿಯುವ ಹಲಗೆಗಳು ಗುಂಡಿಯಲ್ಲಿರುತ್ತವೆ. ಹಾಸಿನ ನೂಲು ಅವನ ಎದುರಿಗೆ ನೆಲಕ್ಕೆ ಸಮನಾಗಿ ಹರಡಿಕೊಂಡಿರುತ್ತದೆ. ಹಿಂದಿನವರು ಮಗ್ಗವನ್ನು ನೆಲದೊಳಗೆ ಇಳಿಸಿದ್ದಕ್ಕೆ ಕಾರಣವಿತ್ತು. ಒಣಹವೆಯಲ್ಲಿ ನೂಲು ಬಿರುಸಾಗಿ ಪಟಪಟನೆ ಹರಿಯುತ್ತದೆ. ಗುಂಡಿಯ ಮಣ್ಣಿನ ತೇವ ಮೇಲಿನ ಎಳೆಗಳಿಗೆ ತಾಗಿ ಅವನ್ನು ಮೆದುವಾಗಿಡುತ್ತದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಆ ತೇವಕ್ಕೆ ಬೆಲೆ ಹೆಚ್ಚು. ಅಲ್ಲದೆ ನೆಲದಲ್ಲಿ ಹೂತ ಕಂಬಗಳು ಅಲುಗಾಡುವುದಿಲ್ಲ. ಕಡಿಮೆ ಮರದಲ್ಲಿಯೇ ಗಟ್ಟಿಯಾದ ಮಗ್ಗ ಸಿದ್ಧವಾಗುತ್ತದೆ.

ಆದುದರಿಂದ ಗುಂಡಿಯನ್ನು ಮುಚ್ಚಿ ಮಗ್ಗವನ್ನು ಮೇಲಕ್ಕೆತ್ತಿಬಿಟ್ಟರೆ ಸುಧಾರಣೆಯಾಯಿತೆಂದು ತಿಳಿಯುವುದು ಅವಸರದ ಮಾತು. ಎತ್ತರದ ಚೌಕಟ್ಟಿನ ಮಗ್ಗದಲ್ಲಿ ಬೆಂಚಿನ ಮೇಲೆ ಕುಳಿತು ನೇಯಬಹುದು. ವಯಸ್ಸಾದವರಿಗೆ ಹತ್ತಿ ಇಳಿಯುವುದು ಸುಲಭ. ಜೋರು ಮಳೆ ಬಂದಾಗ ಗುಂಡಿಗೆ ನೀರು ನುಗ್ಗಿ ನೂಲು ಹಾಳಾಗುವ ಭಯವೂ ಇಲ್ಲ. ಆದರೆ ಬೇಸಿಗೆಯಲ್ಲಿ ಕೋಣೆಯ ಹವೆಯನ್ನು ತಂಪಾಗಿಡಲು ಬೇರೆ ಏರ್ಪಾಡು ಬೇಕಾಗುತ್ತದೆ. ಗುಂಡಿಯನ್ನೇ ಉಳಿಸಿಕೊಳ್ಳುವವರು ಅದರ ಬಾಯಿಗೆ ನೆಲಕ್ಕಿಂತ ನಾಲ್ಕು ಬೆರಳು ಎತ್ತರದ ಕಟ್ಟೆ ಕಟ್ಟಿಸಿ, ಕೂರುವ ಜಾಗಕ್ಕೆ ಒರಗುಹಲಗೆಯೊಂದನ್ನು ಹಾಕಿಸಿಕೊಂಡರೆ ಬೆನ್ನಿಗೂ ನೂಲಿಗೂ ರಕ್ಷಣೆ ಸಿಗುತ್ತದೆ.

ನೇಯ್ಗೆಯಲ್ಲಿ ಮೂರು ಮುಖ್ಯ ಕೆಲಸಗಳಿವೆ. ಕಾಲಿನಿಂದ ತುಳಿದು ಹಾಸಿನ ಎಳೆಗಳನ್ನು ಮೇಲೆ ಕೆಳಗೆ ಬೇರ್ಪಡಿಸಬೇಕು. ಆ ಬಾಯಿಯಲ್ಲಿ ಲಾಳಿಯನ್ನು ಹಾಯಿಸಿ ಹೊಕ್ಕಿನ ಎಳೆ ಹಾಕಬೇಕು. ಹಣಿಗೆಯಿಂದ ಆ ಎಳೆಯನ್ನು ಬಡಿದು ಕೂರಿಸಬೇಕು. ಐದೂವರೆ ಮೀಟರಿನ ಸೀರೆಯ ಉದ್ದ ಸುಮಾರು ೨೧೬ ಅಂಗುಲ. ಅಂಗುಲಕ್ಕೆ ೬೦ ಹೊಕ್ಕಿನ ಎಳೆಗಳೆಂದು ಲೆಕ್ಕ ಹಿಡಿದರೂ ಒಂದು ಸೀರೆಗೆ ಹದಿಮೂರು ಸಾವಿರದಷ್ಟು ಸಲ ಈ ಮೂರು ಕೆಲಸಗಳು ನಡೆಯಬೇಕು. ಒಂದೊಂದು ಸಲಕ್ಕೆ ಒಂದೇ ಸೆಕೆಂಡು ಉಳಿದರೂ ಸೀರೆಯೊಂದಕ್ಕೆ ಮೂರೂವರೆ ಗಂಟೆಗಿಂತ ಹೆಚ್ಚು ಹೊತ್ತು ಉಳಿಯಿತು. ಚಿಕ್ಕ ಸುಧಾರಣೆಯ ದೊಡ್ಡ ಫಲ ಅಡಗಿರುವುದು ಈ ಗುಣಾಕಾರದಲ್ಲಿ.

ಹಾರುಲಾಳಿಯ ಕಥೆ

ಮಗ್ಗದ ಸುಧಾರಣೆಗಳಲ್ಲೆಲ್ಲ ಪ್ರಸಿದ್ಧವಾದುದು ಹಾರುಲಾಳಿ. ಇಂಗ್ಲೆಂಡಿನ ಲ್ಯಾಂಕಾಷೈರಿನ ಜಾನ್ ಕೇ ಎಂಬವನು ೧೭೩೩ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಅದುವರೆಗೆ ನೇಕಾರ ಒಂದು ಕೈಯಿಂದ ಲಾಳಿ ಎಸೆದು ಇನ್ನೊಂದು ಕೈಯಿಂದ ಹಿಡಿಯುತ್ತಿದ್ದ. ಬಟ್ಟೆ ಅಗಲವಾದರೆ ಎರಡನೆಯ ಆಳು ಬೇಕಾಗುತ್ತಿದ್ದ. ಕೇ ಮಾಡಿದುದು ಇಷ್ಟೇ: ಹಣಿಗೆಯ ಎರಡೂ ತುದಿಗಳಿಗೆ ಒಂದೊಂದು ಪೆಟ್ಟಿಗೆ ಜೋಡಿಸಿ, ಪೆಟ್ಟಿಗೆಯೊಳಗೆ ಲಾಳಿಯನ್ನು ದೂಡುವ ತುಂಡೊಂದನ್ನಿಟ್ಟು, ಎರಡಕ್ಕೂ ಸೇರಿಸಿ ಹಗ್ಗ ಕಟ್ಟಿದ. ಹಗ್ಗವನ್ನು ಜಗ್ಗಿದರೆ ಲಾಳಿ ತಾನಾಗಿ ಆಚೆಗೆ ಓಡುತ್ತದೆ, ಮತ್ತೆ ಜಗ್ಗಿದರೆ ಈಚೆಗೆ ಬರುತ್ತದೆ. ನೇಯ್ಗೆಯ ವೇಗ ಹೆಚ್ಚು ಕಡಿಮೆ ಇಮ್ಮಡಿಯಾಯಿತು. ಆದರೆ ಕೂಲಿ ಕಳೆದುಕೊಳ್ಳುವ ಭಯದಿಂದ ನೇಕಾರರು ಅವನನ್ನು ದ್ವೇಷಿಸಿದರು; ಬಟ್ಟೆ ತಯಾರಕರು ಹಕ್ಕಿನ ಹಣ ಕೊಡದೆ ವಂಚಿಸಿದರು. ಅವನು ಕೊನೆಗೆ ಫ್ರಾನ್ಸಿಗೆ ಹೋಗಿ ನೆಲೆಸಿದ.

ನಮ್ಮ ನಾಡಿನ ಕರಾವಳಿಗೆ ಸುಧಾರಿತ ಮಗ್ಗ ಬಂದುದು ಬಾಸೆಲ್ ಮಿಷನ್ನಿನ ಮೂಲಕ. ೧೮೫೧ರಲ್ಲಿ ಮಂಗಳೂರಿಗೆ ಬಂದ ಜಾನ್ ಹಾಲರ್ ಎಂಬ ನೇಯ್ಗೆ ಬಲ್ಲ ಯುರೋಪಿಯನ್ ಅಲ್ಲಿನ ನೇಯ್ಗೆಯ ಕಾರ್ಖಾನೆಯನ್ನು ಬೆಳೆಸಿದ. ಖಾಕಿ ಬಣ್ಣದ ಇತಿಹಾಸದಲ್ಲಿಯೂ ಆತನ ಹೆಸರಿದೆ. ೨೦ನೆಯ ಶತಮಾನದ ಮೊದಲ ದಶಕದಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದರಾಸು ಪ್ರಾಂತದ ಸೇಲಂನಲ್ಲಿ ಸರ್ಕಾರದ ಪರವಾಗಿ ನೇಯ್ಗೆಯ ಪ್ರಯೋಗ ನಡೆಸಿದರು. ಮುಂದೆ ಅವರೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾದರು. ಸೇಲಂನ ಪ್ರಯೋಗ ಒಂದು ಪಾಠ ಕಲಿಸಿತು. ಹಾರುಲಾಳಿ ನೇಕಾರರಿಗೆ ಒಗ್ಗಿತು, ಕಾರ್ಖಾನೆ ಒಗ್ಗಲಿಲ್ಲ. ಗಂಟೆ ಬಾರಿಸಿದಾಗ ಬಂದು ಗಂಟೆ ಬಾರಿಸಿದಾಗ ಹೋಗುವ ದುಡಿಮೆಯನ್ನು ಅವರು ಒಲ್ಲದಾದರು. ಸುಧಾರಣೆ ಮನೆಯೊಳಕ್ಕೆ ಬರಬೇಕಲ್ಲದೆ, ಸುಧಾರಣೆಗಾಗಿ ಮನೆ ಬಿಟ್ಟು ಹೊರಗೆ ಹೋಗುವುದು ನೇಕಾರನ ಬದುಕಿನ ರೀತಿಗೆ ಹೊಂದಲಿಲ್ಲ.

ಮೊದಲು ದುರಸ್ತಿ, ಆಮೇಲೆ ಹೊಸತು

ಹಣ ಖರ್ಚು ಮಾಡುವ ಮುನ್ನ ಇರುವ ಮಗ್ಗವನ್ನು ಸರಿಪಡಿಸಿಕೊಳ್ಳುವುದು ಬುದ್ಧಿವಂತಿಕೆ. ಮಗ್ಗದ ನಾಲ್ಕು ಮೂಲೆಗಳು ಸಮಕೋನದಲ್ಲಿವೆಯೇ ಎಂದು ನೋಡಲು ಬೇಕಾದುದು ಒಂದು ದಾರ ಮಾತ್ರ. ಮೂಲೆಯಿಂದ ಎದುರು ಮೂಲೆಗೆ ಹಿಡಿದ ಎರಡು ಅಳತೆಗಳೂ ಒಂದೇ ಆಗಿದ್ದರೆ ಮಗ್ಗ ನೆಟ್ಟಗಿದೆ. ವ್ಯತ್ಯಾಸ ಬಂದರೆ ಬಟ್ಟೆಯೂ ಓರೆಯಾಗಿ ಸುತ್ತಿಕೊಳ್ಳುತ್ತದೆ, ಒಂದು ಅಂಚು ಬಿಗಿಯಾಗಿ ಇನ್ನೊಂದು ಸಡಿಲವಾಗುತ್ತದೆ. ಒಣಹವೆಗೆ ಮರ ಕುಗ್ಗಿ ಬೆಣೆಗಳು ಸಡಿಲಗೊಂಡಿರುತ್ತವೆ. ಸಡಿಲವಾದ ಮಗ್ಗದಲ್ಲಿ ಹಣಿಗೆಯ ಪೆಟ್ಟಿನ ಅರ್ಧ ಶಕ್ತಿ ಮರವನ್ನು ಅಲುಗಾಡಿಸುವುದರಲ್ಲಿಯೇ ವ್ಯರ್ಥ. ಬೆಣೆ ಬಡಿದು, ಬೇಕಾದ ಕಡೆ ತಿರುಪುಮೊಳೆ ಹಾಕಿ ಬಿಗಿದರೆ ನೇಕಾರನ ತೋಳಿಗೆ ಅಷ್ಟರಮಟ್ಟಿಗೆ ಬಿಡುವು.

ಲಾಳಿ ಓಡುವ ಹಲಗೆ ಕನ್ನಡಿಯಂತೆ ನುಣುಪಾಗಿರಬೇಕು. ಅದರ ಮೇಲಿನ ಒಂದು ಸಣ್ಣ ಸಿಬಿರು ಸಾಕು, ರೇಷ್ಮೆಯ ಎಳೆ ಹರಿಯಲು. ಉಜ್ಜುಕಾಗದದಿಂದ ತಿಕ್ಕಿ ಮೇಣ ಸವರುವುದು ಬಡಗಿಯ ಅರ್ಧ ದಿನದ ಕೆಲಸ. ಲಾಳಿಯನ್ನು ದೂಡುವ ತುಂಡು ಒಡೆದಿದ್ದರೆ ಅದು ಲಾಳಿಯನ್ನು ಓರೆಯಾಗಿ ಎಸೆಯುತ್ತದೆ. ಹಾರಿಬಿದ್ದ ಲಾಳಿ ಹಾಸನ್ನೂ ಹರಿಯಬಹುದು, ಪಕ್ಕದಲ್ಲಿ ಕುಳಿತವರಿಗೂ ತಗಲಬಹುದು. ಎಲ್ಲಕ್ಕಿಂತ ಅಗ್ಗವಾದ, ಎಲ್ಲರೂ ಮರೆಯುವ ಸುಧಾರಣೆ ದೀಪ. ಹಳೆಯ ಮನೆಗಳ ಪಡಸಾಲೆ ಮಬ್ಬು, ಕಿಟಕಿ ಸಣ್ಣದು. ನೇಯುವ ಅಂಚಿನ ಮೇಲೆ, ನೇಕಾರನ ನೆರಳು ಬೀಳದ ಕಡೆಯಿಂದ, ಒಂದು ಎಲ್‌ಇಡಿ ದೀಪ ತೂಗಿಬಿಟ್ಟರೆ ತುಂಡಾದ ಎಳೆ ಒಡನೆ ಕಣ್ಣಿಗೆ ಬೀಳುತ್ತದೆ. ನಾಲ್ಕು ಬೆರಳು ನೇಯ್ದ ಮೇಲೆ ಕಂಡ ತಪ್ಪನ್ನು ಬಿಚ್ಚುವುದಕ್ಕೂ ಒಡನೆ ಕಂಡ ತಪ್ಪನ್ನು ತಿದ್ದುವುದಕ್ಕೂ ಇರುವ ವ್ಯತ್ಯಾಸವನ್ನು ಸೂಜಿ ಹಿಡಿದ ಯಾವ ಗೃಹಿಣಿಗೂ ವಿವರಿಸಬೇಕಾಗಿಲ್ಲ.

ಹಲ್ಲುಗಾಲಿಯ ಉಪಕಾರ

ಸಾದಾ ಮಗ್ಗದಲ್ಲಿ ಕೆಲವು ಅಂಗುಲ ನೇಯ್ದೊಡನೆ ಕೆಲಸ ನಿಲ್ಲಿಸಬೇಕು. ಹಾಸನ್ನು ಸಡಿಲಿಸಿ, ನೇಯ್ದ ಬಟ್ಟೆಯನ್ನು ದಿಂಡಿಗೆ ಸುತ್ತಿ, ಮತ್ತೆ ಬಿಗಿದು, ಹದ ನೋಡಿ ಮುಂದುವರಿಯಬೇಕು. ನಾಲ್ಕು ಅಂಗುಲಕ್ಕೊಮ್ಮೆ ನಿಂತರೂ ಒಂದು ಸೀರೆಗೆ ಐವತ್ತನಾಲ್ಕು ಸಲ ನಿಲ್ಲಬೇಕಾಗುತ್ತದೆ. ಹೊತ್ತು ಹೋಗುವುದು ಒಂದು ನಷ್ಟ. ಬಟ್ಟೆಯ ಹದ ಕೆಡುವುದು ಇನ್ನೊಂದು. ಪ್ರತಿ ಸಲವೂ ಬಿಗಿತ ಒಂದೇ ರೀತಿ ಬರುವುದು ಕಷ್ಟವಾದ್ದರಿಂದ ಅಲ್ಲಲ್ಲಿ ಪಟ್ಟೆ ಪಟ್ಟೆಯಾಗಿ ದಟ್ಟ ತೆಳುವು ಕಾಣಿಸಿಕೊಳ್ಳುತ್ತದೆ. ಸೀರೆಯನ್ನು ಬೆಳಕಿಗೆ ಹಿಡಿದು ನೋಡುವ ವ್ಯಾಪಾರಿ ಇದನ್ನು ತೋರಿಸಿಯೇ ಬೆಲೆ ಇಳಿಸುವುದು.

ಇದಕ್ಕೆ ಪರಿಹಾರ ಒಂದು ಹಲ್ಲುಗಾಲಿ ಜೋಡಣೆ. ಹಣಿಗೆಯ ಪ್ರತಿಯೊಂದು ಪೆಟ್ಟಿಗೂ ಒಂದು ಕೊಕ್ಕೆ ಹಲ್ಲುಗಾಲಿಯನ್ನು ಒಂದು ಹಲ್ಲಿನಷ್ಟು ಮುಂದೆ ತಳ್ಳುತ್ತದೆ. ಆ ಗಾಲಿಗೆ ಸೇರಿದ ದಿಂಡು ಕೂದಲೆಳೆಯಷ್ಟು ತಿರುಗಿ ಬಟ್ಟೆಯನ್ನು ತಾನೇ ಸುತ್ತಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ೧೯ನೆಯ ಶತಮಾನದ ಆರಂಭದಲ್ಲಿ ಡ್ಯಾಂಡಿ ಮಗ್ಗ ಎಂಬುದು ಹೆಸರಾದುದು ಈ ಏರ್ಪಾಡಿನಿಂದಲೇ. ವಿದ್ಯುತ್ತು ಬೇಡ, ಹೆಚ್ಚಿನ ಬಲ ಬೇಡ. ಬಡಿಯುವ ಪೆಟ್ಟಿನ ಶಕ್ತಿಯಲ್ಲಿಯೇ ಒಂದಿಷ್ಟು ಕಡ ಪಡೆದು ಅದು ಕೆಲಸ ಮಾಡುತ್ತದೆ. ಹಲ್ಲುಗಳ ಸಂಖ್ಯೆ ಬದಲಿಸಿದರೆ ಅಂಗುಲಕ್ಕೆ ಎಷ್ಟು ಎಳೆ ಬೇಕೋ ಅಷ್ಟು ಬೀಳುತ್ತವೆ. ಹದ ಕೂಡ ನೇಕಾರನ ಕೈಯಿಂದ ತಪ್ಪಿಹೋಗುವುದಿಲ್ಲ. ಅವನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗಿದ್ದ ಲೆಕ್ಕವನ್ನು ಗಾಲಿ ಇಟ್ಟುಕೊಳ್ಳುತ್ತದೆ, ಅಷ್ಟೆ.

ಹಾಸಿನ ನೂಲನ್ನು ಕೋಣೆಯ ಉದ್ದಕ್ಕೂ ಹಗ್ಗದಿಂದ ಎಳೆದು ಗೂಟಕ್ಕೆ ಕಟ್ಟುವ ಹಳೆಯ ಪದ್ಧತಿಯ ಬದಲು ಹಿಂದೊಂದು ದಿಂಡು ಹಾಕಿ ಸುತ್ತಿಡುವುದೂ ಇದೇ ಬಗೆಯ ಸುಧಾರಣೆ. ಇದರಿಂದ ನೇಯ್ಗೆಗಾಗುವ ಲಾಭಕ್ಕಿಂತ ಮನೆಗಾಗುವ ಲಾಭ ದೊಡ್ಡದು. ಹತ್ತಾರು ಅಡಿ ಜಾಗ ಬಿಡುಗಡೆಯಾಗುತ್ತದೆ. ಮಕ್ಕಳು ನೂಲಿನ ಕೆಳಗೆ ತಲೆ ತಗ್ಗಿಸಿ ನುಸುಳುವುದು ತಪ್ಪುತ್ತದೆ.

ಮೊಳಕಾಲಿನ ಮಾತು

ಮೊಳಕಾಲ್ಮೂರು ಎಂಬ ಹೆಸರಿನ ಮೂಲ ಏನೇ ಇರಲಿ, ಅದರಲ್ಲಿ ಮೊಳಕಾಲು ಎಂಬ ಮಾತು ಕೇಳಿಸದೆ ಇರದು. ಅಂಚು ಸೆರಗುಗಳಲ್ಲಿ ಚಿತ್ತಾರ ನೇಯುವವರಿಗೆ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತು. ಚಿತ್ತಾರಕ್ಕೆ ಬೇಕಾದ ಎಳೆಗಳನ್ನು ಮಾತ್ರ ಆರಿಸಿ ಎತ್ತುವ ಯಂತ್ರ ಜಕಾರ್ಡ್. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮೇರಿ ಜಕಾರ್ಡ್ ೧೮೦೪ರಲ್ಲಿ ಅದನ್ನು ರೂಪಿಸಿದ. ತೂತು ಕೊರೆದ ರಟ್ಟುಗಳ ಸರಮಾಲೆ ಅದರ ಜೀವಾಳ. ತೂತಿದ್ದ ಕಡೆ ಕೊಕ್ಕೆ ಎಳೆಯನ್ನೆತ್ತುತ್ತದೆ, ಇಲ್ಲದ ಕಡೆ ಎತ್ತುವುದಿಲ್ಲ. ಇಂದಿನ ಗಣಕಯಂತ್ರದ ಪೂರ್ವಜರಲ್ಲಿ ಈ ರಟ್ಟಿಗೂ ಸ್ಥಾನವಿದೆ.

ಮಗ್ಗದ ನೆತ್ತಿಯ ಮೇಲೆ ಕುಳಿತ ಈ ಯಂತ್ರದಿಂದ ನೂರಾರು ದಾರಗಳು ಇಳಿಬಿದ್ದಿರುತ್ತವೆ. ಪ್ರತಿ ದಾರವೂ ನೆಟ್ಟಗೆ ನಿಲ್ಲಲೆಂದು ಅದರ ತುದಿಗೆ ಒಂದೊಂದು ಲೋಹದ ಕಡ್ಡಿ ತೂಗುತ್ತಿರುತ್ತದೆ. ಒಂದು ಕಡ್ಡಿ ಹಗುರ. ನೂರಾರು ಕಡ್ಡಿಗಳು ಹೊರೆ. ಆ ಹೊರೆಯನ್ನು ನೇಕಾರ ಕಾಲಿನಿಂದ ತುಳಿದು ಎತ್ತಬೇಕು, ಸೀರೆಯೊಂದಕ್ಕೆ ಸಾವಿರಾರು ಸಲ. ಇಪ್ಪತ್ತರ ಹರೆಯದಲ್ಲಿ ಇದು ಗೊತ್ತಾಗುವುದಿಲ್ಲ. ನಲವತ್ತೈದಕ್ಕೆ ಸೊಂಟ ಮತ್ತು ಮೊಳಕಾಲು ಲೆಕ್ಕ ಕೇಳುತ್ತವೆ.

ಇಲ್ಲಿ ಮಾಡಬಹುದಾದ ಸುಧಾರಣೆಗಳು ಮೆಟ್ಟಿಲು ಮೆಟ್ಟಿಲಾಗಿವೆ. ಮೊದಲನೆಯದು, ಎತ್ತುವ ಸನ್ನೆಗೋಲು ತಿರುಗುವ ಕಡೆ ಮರಕ್ಕೆ ಮರ ಉಜ್ಜುವ ಹಳೆಯ ಕೀಲಿನ ಬದಲು ಗುಂಡು ಬೇರಿಂಗು ಹಾಕಿಸುವುದು. ಹಗ್ಗ ಹಾದುಹೋಗುವ ಕಡೆ ನಯವಾದ ರಾಟೆ ಇಡುವುದು. ಎರಡನೆಯದು, ಸನ್ನೆಗೋಲಿನ ಉದ್ದ ಹೆಚ್ಚಿಸುವುದು. ಉದ್ದವಾದ ಸನ್ನೆಗೆ ಭಾರ ಹಗುರ ಎಂಬುದು ಬಾವಿಯ ಏತ ಕಂಡ ರೈತನಿಗೂ ಗೊತ್ತಿರುವ ವಿಜ್ಞಾನ. ಬದಲಿಗೆ ಕಾಲು ಸ್ವಲ್ಪ ಹೆಚ್ಚು ದೂರ ಚಲಿಸಬೇಕು. ಮೂರನೆಯದು, ಎತ್ತುವ ಕೆಲಸವನ್ನಷ್ಟೇ ಸಣ್ಣ ವಿದ್ಯುತ್ ಮೋಟಾರಿಗೆ ಒಪ್ಪಿಸುವುದು. ಕಾಲು ಹಲಗೆಯನ್ನು ಮುಟ್ಟಿದರೆ ಸಾಕು, ಮೋಟಾರು ಕೊಕ್ಕೆಗಳನ್ನು ಮೇಲಕ್ಕೆತ್ತುತ್ತದೆ. ಲಾಳಿ ಓಡಿಸುವುದೂ ಹಣಿಗೆ ಬಡಿಯುವುದೂ ನೇಕಾರನ ಕೈಯಲ್ಲಿಯೇ ಉಳಿಯುತ್ತವೆ. ಕೇಂದ್ರ ಸರ್ಕಾರ ೨೦೧೬ರಲ್ಲಿ ಆರಂಭಿಸಿದ ಹಥ್‌ಕರ್ಘಾ ಸಂವರ್ಧನ ಸಹಾಯತಾ ಯೋಜನೆಯಲ್ಲಿ ಮೋಟಾರು ಜೋಡಿಸಿದ ಜಕಾರ್ಡ್, ಬಟ್ಟೆ ಸುತ್ತುವ ಹಲ್ಲುಗಾಲಿ ಮೊದಲಾದ ಉಪಕರಣಗಳಿಗೆ ಶೇಕಡ ೯೦ರಷ್ಟು ಬೆಲೆಯನ್ನು ಸರ್ಕಾರವೇ ಭರಿಸಿ, ಉಳಿದ ೧೦ನ್ನು ನೇಕಾರ ಹಾಕುವ ಏರ್ಪಾಡಾಯಿತು.

ಪಕ್ಕದಲ್ಲಿ ಕುಳಿತ ಇನ್ನೊಬ್ಬರು

ಮಗ್ಗದ ಲೆಕ್ಕ ಹಾಕುವಾಗ ಜನ ಮರೆಯುವುದು ನೇಕಾರನ ಪಕ್ಕದವರನ್ನು. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ, ಎರಡೂ ಅಪ್ಪಟವಾಗಿ ಉಳಿದು ಗಟ್ಟಿಯಾಗಿ ಹೆಣೆದುಕೊಂಡಿರುವ ಕುಟ್ಟು ಅಂಚಿನ ಸೀರೆಗೆ ಮೂರು ಲಾಳಿಗಳು ಬೇಕು: ಒಡಲಿಗೊಂದು, ಎರಡು ಅಂಚುಗಳಿಗೆ ಒಂದೊಂದು. ಒಬ್ಬನಿಂದ ಸಾಗದ ಈ ಕೆಲಸಕ್ಕೆ ಹೆಂಡತಿಯೋ ತಂಗಿಯೋ ಮಗನೋ ಪಕ್ಕದಲ್ಲಿ ಕುಳಿತಿರಬೇಕು. ಇನ್ನೊಂದು ಮೂಲೆಯಲ್ಲಿ ಅಜ್ಜಿ ಕಂಡಿಕೆ ಸುತ್ತುತ್ತಿರುತ್ತಾಳೆ. ಕೂಲಿ ಮಾತ್ರ ಒಂದೇ.

ಈ ಪಕ್ಕದವರ ಶ್ರಮವನ್ನು ಇಳಿಸುವ ಉಪಾಯಗಳೂ ಅಗ್ಗದವೇ. ಕಂಡಿಕೆ ಸುತ್ತುವ ಚರಕಕ್ಕೆ ಹಳೆಯ ಸೈಕಲ್ಲಿನ ಗಾಲಿ ಕೂರಿಸುವುದು ನಾಡಿನ ನೇಕಾರರೆಲ್ಲ ಕಂಡುಕೊಂಡ ಜಾಣ್ಮೆ. ಅದರ ಬೇರಿಂಗು ನಯ, ತೂಕ ಸಮ. ಒಮ್ಮೆ ತಿರುವಿದರೆ ಬಹಳ ಹೊತ್ತು ತಿರುಗುತ್ತದೆ. ಹೊಲಿಗೆ ಯಂತ್ರಕ್ಕೆ ಹಾಕುವಂತಹ ಸಣ್ಣ ಮೋಟಾರನ್ನು ಜೋಡಿಸಿದರೆ ಅಜ್ಜಿಯ ತೋಳಿಗೆ ಪೂರ್ತಿ ವಿರಾಮ. ಒಡಲಿನ ಬುಟ್ಟಾಗಳಿಗಾಗಿ ಹಣಿಗೆಯ ಮೇಲೆ ಪುಟ್ಟ ಪುಟ್ಟ ಲಾಳಿಗಳನ್ನು ಸಾಲಾಗಿ ಕೂರಿಸಿ, ಒಂದೇ ಜಗ್ಗಿಗೆ ಎಲ್ಲವೂ ಒಟ್ಟಾಗಿ ಸರಿಯುವಂತೆ ಮಾಡುವ ಏರ್ಪಾಡೂ ಬಳಕೆಗೆ ಬಂದಿದೆ. ಹಿಂದೆ ಒಂದೊಂದು ಬುಟ್ಟಾಕ್ಕೂ ಬೆರಳಿನಿಂದ ದಾರ ತೂರಿಸಬೇಕಾಗಿದ್ದ ಕಡೆ ಈಗ ಒಂದು ಕೈಚಳಕ ಸಾಕು. ಇವುಗಳ ಲಾಭವನ್ನು ಬರೀ ರೂಪಾಯಿಯಲ್ಲಿ ಎಣಿಸಿದರೆ ಸಾಲದು. ಪಕ್ಕದಲ್ಲಿ ಕೂರಬೇಕಾಗಿದ್ದ ಹುಡುಗ ಹಗಲು ಹೊತ್ತು ಶಾಲೆಯಲ್ಲಿ ಕೂರುವುದೂ ಈ ಲಾಭದ ಲೆಕ್ಕಕ್ಕೇ ಸೇರುತ್ತದೆ.

ಕಂಬಳಿಯ ಲೆಕ್ಕವೇ ಬೇರೆ

ಚಳ್ಳಕೆರೆಯ ಕಡೆಗೆ ಬಂದರೆ ಇದೇ ಔಷಧ ಫಲಿಸುವುದಿಲ್ಲ. ಕಂಬಳಿಯ ನೂಲು ದಪ್ಪ, ಒರಟು, ಮೈತುಂಬ ಕೂದಲು. ಅಕ್ಕಪಕ್ಕದ ಎಳೆಗಳು ಒಂದನ್ನೊಂದು ತಬ್ಬಿಕೊಳ್ಳುವುದರಿಂದ ಲಾಳಿಗೆ ಬಾಯಿ ಸಲೀಸಾಗಿ ತೆರೆದುಕೊಳ್ಳುವುದಿಲ್ಲ. ಅದಕ್ಕಾಗಿಯೇ ಹುಣಸೆಬೀಜದ ಗಂಜಿ ಕಾಸಿ, ಹಾಸನ್ನು ಬಯಲಲ್ಲಿ ಬಿಗಿದು ಕಟ್ಟಿ, ಕುಂಚದಿಂದ ಸವರಿ ಒಣಗಿಸುತ್ತಾರೆ. ಎಳೆ ಬಿರುಸಾಗುತ್ತದೆ, ಕೂದಲು ಅಡಗುತ್ತದೆ. ಕಂಬಳಿಗೆ ಆ ಗಟ್ಟಿತನವೂ ಬರುತ್ತದೆ. ಇಂತಹ ಹಾಸಿಗೆ ಹಾರುಲಾಳಿ ಕಟ್ಟಿದರೂ ದೊರೆಯುವ ಲಾಭ ರೇಷ್ಮೆಯಷ್ಟಿಲ್ಲ.

ಕಂಬಳಿಯ ಮನೆಯಲ್ಲಿ ಹೊತ್ತು ನುಂಗುವುದು ಮಗ್ಗಕ್ಕಿಂತ ಮೊದಲಿನ ಕೆಲಸಗಳು: ಉಣ್ಣೆ ಬಿಡಿಸುವುದು, ಹಿಂಜುವುದು, ನೂಲುವುದು. ಒಂದು ಮಗ್ಗಕ್ಕೆ ನೂಲು ಒದಗಿಸಲು ಹಲವು ಕೈಗಳು ಬೇಕು; ಅವುಗಳಲ್ಲಿ ಬಹುಪಾಲು ಹೆಂಗಸರ ಕೈಗಳು. ಮಗ್ಗದ ವೇಗ ಹೆಚ್ಚಿಸಿದರೆ ನೂಲಿಗಾಗಿ ಕಾಯುವ ಹೊತ್ತು ಹೆಚ್ಚಾದೀತೇ ವಿನಾ ಕಂಬಳಿ ಹೆಚ್ಚಾಗದು. ಇಂಗ್ಲೆಂಡಿನಲ್ಲಿ ಆದುದೂ ಇದೇ. ಹಾರುಲಾಳಿ ಹರಡಿದ ಮೇಲೆ ನೂಲಿನ ಕ್ಷಾಮ ತಲೆದೋರಿತು. ಜೇಮ್ಸ್ ಹಾರ್‌ಗ್ರೀವ್ಸ್ ೧೭೬೦ರ ದಶಕದಲ್ಲಿ ಹಲವು ಕದಿರುಗಳ ನೂಲುವ ಯಂತ್ರ ಕಟ್ಟಿದ ಹಿನ್ನೆಲೆ ಅದು. ಆದುದರಿಂದ ಕಂಬಳಿಯವರಿಗೆ ಮೊದಲು ಬೇಕಾದುದು ಹತ್ತು ಮನೆಗಳು ಸೇರಿ ಬಳಸುವ ಒಂದು ಹಿಂಜುವ ಯಂತ್ರ ಮತ್ತು ಕಾಲಿನಿಂದ ತುಳಿಯುವ ಅಥವಾ ಸಣ್ಣ ಮೋಟಾರಿನ ಚರಕ. ಎಲ್ಲಿ ಕೆಲಸ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಕೈ ಹಾಕಬೇಕು. ಬೇರೆ ಕಡೆ ಹಾಕಿದ ಹಣ ಹೊಳೆಗೆ ಹಿಂಡಿದ ಹುಣಸೆಹಣ್ಣು.

ಒಂದು ಲಕ್ಷದ ಪಂಥ

ಅಗ್ಗದ ಸುಧಾರಣೆ ಹೇಗಿರಬೇಕೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ಒಳ್ಳೆಯ ಅಳತೆಗೋಲಿದೆ. ಗಾಂಧೀಜಿಯವರ ನೇತೃತ್ವದ ಅಖಿಲ ಭಾರತ ಚರಕ ಸಂಘ ೧೯೨೯ರಲ್ಲಿ ಉತ್ತಮ ಚರಕವೊಂದಕ್ಕೆ ಒಂದು ಲಕ್ಷ ರೂಪಾಯಿಯ ಬಹುಮಾನ ಘೋಷಿಸಿತು. ಷರತ್ತುಗಳು ಕಟ್ಟುನಿಟ್ಟಾಗಿದ್ದವು. ಚರಕದ ಬೆಲೆ ೧೫೦ ರೂಪಾಯಿ ಮೀರಬಾರದು. ಎಂಟು ಗಂಟೆ ನೂತರೂ ಅತಿಯಾದ ಆಯಾಸ ಆಗಬಾರದು. ೨೦ ವರ್ಷ ಬಾಳಬೇಕು. ವರ್ಷದ ದುರಸ್ತಿಗೆ ಬೆಲೆಯ ಶೇಕಡ ೫ಕ್ಕಿಂತ ಹೆಚ್ಚು ತಗಲಬಾರದು. ಬಹುಮಾನ ಯಾರಿಗೂ ಸಲ್ಲಲಿಲ್ಲ. ಆದರೆ ಆ ಷರತ್ತುಗಳು ಇಂದಿಗೂ ಸವೆದಿಲ್ಲ. ಮಗ್ಗಕ್ಕೆ ಯಾವ ಹೊಸ ಉಪಕರಣ ಬಂದರೂ ಇವೇ ಪ್ರಶ್ನೆಗಳನ್ನು ಕೇಳಬೇಕು: ಬೆಲೆ ಕೈಗೆಟಕುವುದೇ, ಮೈ ನೋಯದೇ, ಬಾಳುವುದೇ, ಕೆಟ್ಟರೆ ಊರಿನಲ್ಲಿಯೇ ರಿಪೇರಿಯಾದೀತೇ?

ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಒಬ್ಬ ನೇಕಾರ ನೆರೆಯ ತೆಲುಗು ನಾಡಿನಲ್ಲಿದ್ದಾರೆ. ಪೋಚಂಪಲ್ಲಿ ಬಗೆಯ ಸೀರೆಗೆ ಬಣ್ಣ ಕಟ್ಟುವ ಮುನ್ನ ನೂಲನ್ನು ಅರ್ಧವೃತ್ತದ ಗೂಟಗಳಿಗೆ ಹಿಂದೆ ಮುಂದೆ ಸುತ್ತುವ ‘ಆಸು’ ಎಂಬ ಕೆಲಸವಿದೆ. ಒಂದು ಸೀರೆಗೆ ಸುಮಾರು ೯,೦೦೦ ಸಲ ತೋಳು ಆಡಬೇಕು. ತಾಯಿಯ ತೋಳು ನೋವನ್ನು ಕಂಡು ಚಿಂತಕಿಂದಿ ಮಲ್ಲೇಶಂ ೧೯೯೨ರಲ್ಲಿ ಯಂತ್ರ ಕಟ್ಟಲು ತೊಡಗಿ, ಹಲವು ಸಲ ಸೋತು, ೧೯೯೯ರಲ್ಲಿ ಗೆದ್ದರು. ಯಂತ್ರಕ್ಕೆ ತಾಯಿಯ ಹೆಸರನ್ನೇ ಇಟ್ಟು ‘ಲಕ್ಷ್ಮೀ ಆಸು ಯಂತ್ರ’ ಎಂದು ಕರೆದರು. ೨೦೧೭ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಅವರು ಮಗ್ಗವನ್ನು ಬದಲಿಸಲಿಲ್ಲ, ಸೀರೆಯನ್ನು ಬದಲಿಸಲಿಲ್ಲ. ನೋಯುತ್ತಿದ್ದ ಒಂದು ಕೆಲಸವನ್ನು ಮಾತ್ರ ಬದಲಿಸಿದರು.

ಗೆರೆ ಎಲ್ಲಿದೆ?

ಒಂದೊಂದೇ ಕೀಲನ್ನು ಬದಲಿಸುತ್ತ ಹೋದರೆ ಎಲ್ಲಿಯವರೆಗೆ ಅದು ಕೈಮಗ್ಗವಾಗಿ ಉಳಿಯುತ್ತದೆ? ಇದು ತರ್ಕದ ವಿನೋದವಾಗಿ ಕಂಡರೂ ನೇಕಾರನ ಅನ್ನ ಇದರ ಮೇಲೆ ನಿಂತಿದೆ. ೧೯೮೫ರ ಕೈಮಗ್ಗ ಮೀಸಲಾತಿ ಕಾನೂನು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಕಾದಿರಿಸಿತು. ಮೊದಲು ೨೨ ಬಗೆಗಳಿದ್ದವು. ೧೯೯೬ರಲ್ಲಿ ಅವು ೧೧ಕ್ಕೆ ಇಳಿದವು. ವಿದ್ಯುತ್ ಮಗ್ಗದವರು ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು ೧೯೯೩ರಲ್ಲಿ ಕಾನೂನನ್ನು ಎತ್ತಿಹಿಡಿದಿತ್ತು. ಕಾನೂನಿನ ಕಣ್ಣಿನಲ್ಲಿ ವಿದ್ಯುತ್ ಮಗ್ಗವಲ್ಲದ ಮಗ್ಗವೇ ಕೈಮಗ್ಗ.

೨೦೧೨ರ ಸುಮಾರಿಗೆ ಈ ವ್ಯಾಖ್ಯೆಯನ್ನು ಸಡಿಲಿಸುವ ಸಲಹೆ ದೆಹಲಿಯಲ್ಲಿ ಕೇಳಿಬಂತು. ನೇಯ್ಗೆಯ ಹಲವು ಕೆಲಸಗಳಲ್ಲಿ ಒಂದಾದರೂ ಕೈಯಿಂದ ನಡೆದರೆ ಅದನ್ನು ಕೈಮಗ್ಗವೆಂದೇ ಕರೆಯಬಹುದೆಂಬುದು ಅದರ ತಿರುಳು. ದೇಶದ ನೇಕಾರರು ಮತ್ತು ಅವರ ಹಿತೈಷಿಗಳು ಬಲವಾಗಿ ವಿರೋಧಿಸಿದರು. ಸಲಹೆ ಹಿಂದೆ ಸರಿಯಿತು. ವಿರೋಧಕ್ಕೆ ಕಾರಣ ಸ್ಪಷ್ಟ. ಒಂದು ಗುಂಡಿ ಒತ್ತುವುದೂ ಕೈಕೆಲಸವೆನಿಸಿದರೆ ಹದಿಮೂರು ಸಾವಿರ ಸಲ ಲಾಳಿ ಹಾಯಿಸಿದವನ ಸೀರೆಗೂ ಯಂತ್ರದ ಸೀರೆಗೂ ಒಂದೇ ಹೆಸರು, ಕೊನೆಗೆ ಒಂದೇ ಬೆಲೆ. ಭಾರ ಎತ್ತಲು, ಸುತ್ತಲು ನೆರವಾಗುವ ಉಪಕರಣ ಬೇರೆ. ಲಾಳಿಯನ್ನೂ ಹಣಿಗೆಯನ್ನೂ ಕೈಯಿಂದ ಕಸಿದುಕೊಳ್ಳುವ ಯಂತ್ರ ಬೇರೆ. ಒಳ್ಳೆಯ ಸುಧಾರಣೆ ನೋವನ್ನು ತೆಗೆಯುತ್ತದೆ, ಹಸ್ತವನ್ನು ಉಳಿಸುತ್ತದೆ. ಗೆರೆ ಇರುವುದು ಅಲ್ಲಿ.

ಕೊಳ್ಳುವವರ ಪಾಲು

೨೦೧೯-೨೦ರ ಅಖಿಲ ಭಾರತ ಕೈಮಗ್ಗ ಗಣತಿಯಂತೆ ದೇಶದಲ್ಲಿ ೩೫ ಲಕ್ಷಕ್ಕೂ ಹೆಚ್ಚು ಮಂದಿ ಈ ಕಸುಬಿನಲ್ಲಿದ್ದರು. ಅವರಲ್ಲಿ ಶೇಕ‍ಡ ೭೨ರಷ್ಟು ಹೆಂಗಸರು. ಮೂರರಲ್ಲಿ ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ವರಮಾನ ಐದು ಸಾವಿರ ರೂಪಾಯಿಗಿಂತ ಕಡಿಮೆಯೆಂದು ಅದೇ ಗಣತಿ ಹೇಳಿತು. ಇಂತಹ ಮನೆಗೆ ಸಹಾಯಧನದ ಹೊರಗಿನ ಹತ್ತರಲ್ಲೊಂದು ಪಾಲು ಹೊಂದಿಸುವುದೂ ಸುಲಭವಲ್ಲ. ಬೇರಿಂಗು ಹಾಕಿಸಲು, ದಿಂಡು ಬದಲಿಸಲು ಮಗ್ಗ ಎರಡು ದಿನ ನಿಲ್ಲಬೇಕು. ಆ ಎರಡು ದಿನದ ಕೂಲಿಯೂ ಅವನ ಲೆಕ್ಕದಲ್ಲಿ ಸುಧಾರಣೆಯ ಖರ್ಚೇ.

ಪಟ್ಟಣದ ಕುಟುಂಬಗಳು ಇಲ್ಲಿ ಮಾಡಬಹುದಾದ ಕೆಲಸ ಚಿಕ್ಕದಾದರೂ ಮುಖ್ಯವಾದುದು. ರೇಷ್ಮೆ ಅಪ್ಪಟವೆಂಬುದಕ್ಕೆ ಕೇಂದ್ರ ರೇಷ್ಮೆ ಮಂಡಳಿ ೨೦೦೪ರಲ್ಲಿ ಜಾರಿಗೆ ತಂದ ಸಿಲ್ಕ್ ಮಾರ್ಕ್ ಇದೆ. ಕೈಮಗ್ಗದ್ದೆಂಬುದಕ್ಕೆ ೨೦೦೬ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಒಂದು ನೂಲಿನ ಗುರುತು, ಇನ್ನೊಂದು ಕೈಯ ಗುರುತು. ಎರಡನ್ನೂ ಕೇಳಿ ನೋಡುವ ಅಭ್ಯಾಸ ಒಳ್ಳೆಯದು. ಸೀರೆಯ ಹಿಂಬದಿಯನ್ನು ತಿರುಗಿಸಿ ಅಂಚಿನ ಬೆಸುಗೆಯನ್ನು ಗಮನಿಸಬೇಕು. ಎಲ್ಲೋ ಒಂದು ಕಡೆ ಎಳೆಯ ಗಂಟು ಕಂಡರೆ ಅದನ್ನು ದೋಷವೆಂದು ಎಣಿಸಿ ಚೌಕಾಸಿಗೆ ತೊಡಗುವ ಮುನ್ನ, ಹರಿದ ಎಳೆಯನ್ನು ಕೂಡಿಸಿದ ಬೆರಳು ಒಂದಿದೆ ಎಂಬುದನ್ನು ನೆನೆಯಬೇಕು.

ಮಗ್ಗಕ್ಕೆ ಹಾಕುವ ಹೊಸ ಕೀಲಿನ ಬೆಲೆ ಅಲ್ಪ. ಅದನ್ನು ಹಾಕಿಸಿಕೊಳ್ಳುವ ಧೈರ್ಯ ನೇಕಾರನಿಗೆ ಬರುವುದು ಮುಂದಿನ ಸೀರೆಗೂ ನ್ಯಾಯವಾದ ಬೆಲೆ ಸಿಕ್ಕೀತೆಂಬ ಭರವಸೆ ಇದ್ದಾಗ ಮಾತ್ರ. ಹಲ್ಲುಗಾಲಿಯನ್ನು ಕಮ್ಮಾರ ಕೊಡಬಲ್ಲ, ದಿಂಡನ್ನು ಬಡಗಿ ಕೊಡಬಲ್ಲ, ಸಹಾಯಧನವನ್ನು ಸರ್ಕಾರ ಕೊಡಬಲ್ಲದು. ಆ ಭರವಸೆಯನ್ನು ಕೊಡಬಲ್ಲವರು ಸೀರೆ ಉಡುವವರು ಮತ್ತು ಕಂಬಳಿ ಹೊದೆಯುವವರು.